ಹೊತ್ತು ನೋಡಿ ಸಬ್ಸಿಡಿ ಕೊಡಿ: ಕರೆಂಟ್ ನೀತಿ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಎಲ್ಲ ದೇಶಗಳ ಇಂಧನ ಸಚಿವರಿಗೆ, ಹಣಕಾಸು ಇಲಾಖೆಯವರಿಗೆ, ವಿದ್ಯುತ್ ದರ ನಿಗದಿ ಮಾಡುವ ಆಯೋಗಗಳ ಸದಸ್ಯರಿಗೆ,

ನಮಸ್ಕಾರ.

ಸೋಲಾರ್‌ಗೆ ಸಬ್ಸಿಡಿ ಕೊಡಬೇಕಾ, ಅಣು ಸ್ಥಾವರಕ್ಕೆ ದುಡ್ಡು ಹಾಕಬೇಕಾ ಅನ್ನುವ ಜಗಳ ನಿಮ್ಮ ಮುಂದೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಒಂದು ಕಡೆಯವರು ಪ್ಯಾನೆಲ್ ಬೆಲೆ ಎಷ್ಟು ಇಳಿದಿದೆ ನೋಡಿ ಅನ್ನುತ್ತಾರೆ. ಇನ್ನೊಂದು ಕಡೆಯವರು ಸೂರ್ಯ ಮುಳುಗಿದ ಮೇಲೆ ಏನು ಮಾಡ್ತೀರಿ ಅಂತ ಕೇಳುತ್ತಾರೆ. ಇಬ್ಬರು ಹೇಳುವುದೂ ಬಹುಮಟ್ಟಿಗೆ ನಿಜ. ಅದಕ್ಕೇ ಈ ಜಗಳ ಮುಗಿಯುವುದಿಲ್ಲ. ಒಂದು ಸರ್ಕಾರ ಇವರಿಗೆ ಕೊಡುತ್ತದೆ, ಮುಂದಿನ ಸರ್ಕಾರ ಅವರಿಗೆ ಕೊಡುತ್ತದೆ. ಬಿಲ್ ಮಾತ್ರ ನಮ್ಮ ಮನೆಗೇ ಬರುತ್ತದೆ.

ನಾನು ಕೇಳಿಕೊಳ್ಳುವುದು ಇಷ್ಟೇ. ಕರೆಂಟ್ ಯಾವ ಯಂತ್ರದಿಂದ ಬಂತು ಅಂತ ನೋಡಿ ದುಡ್ಡು ಕೊಡುವುದನ್ನು ನಿಲ್ಲಿಸಿ. ಅದು ಯಾವ ಹೊತ್ತಿಗೆ ಬಂತು, ಆ ಹೊತ್ತಿಗೆ ಅದರ ಅಗತ್ಯ ಎಷ್ಟಿತ್ತು, ಹೊಗೆ ಇಲ್ಲದೆ ಬಂತಾ ಅಂತ ನೋಡಿ ಕೊಡಿ. ಹೀಗೆ ಮಾಡಿದರೆ ಅರ್ಧ ಜಗಳ ಅಲ್ಲೇ ಇತ್ಯರ್ಥವಾಗುತ್ತದೆ. ಉಳಿದ ಅರ್ಧವನ್ನು ನೀವು ತೆರೆದ ಲೆಕ್ಕ ಇಟ್ಟು ತೀರ್ಮಾನಿಸಬಹುದು.

ಮೊದಲು ಒಂದು ಹಳೆಯ ವಿಷಯ. ಇವೆರಡೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಜಗತ್ತಿನ ಕಣ್ಣಿಗೆ ಬಿದ್ದವು. 1954ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ತನ್ನ ಸಿಲಿಕಾನ್ ಸೋಲಾರ್ ಸೆಲ್ ಅನ್ನು ಜನರಿಗೆ ತೋರಿಸಿತು. ಬಿದ್ದ ಬಿಸಿಲಿನಲ್ಲಿ ಶೇ. 6ರಷ್ಟನ್ನು ಮಾತ್ರ ಅದು ಕರೆಂಟ್ ಮಾಡುತ್ತಿತ್ತು. ಅದೇ ವರ್ಷ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ಓಬ್ನಿನ್‌ಸ್ಕ್‌ನಲ್ಲಿ 5 ಮೆಗಾವಾಟ್‌ನ ಅಣು ಸ್ಥಾವರ ವಿದ್ಯುತ್ ಜಾಲಕ್ಕೆ, ಅಂದರೆ ಗ್ರಿಡ್‌ಗೆ ಸೇರಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ಮುಂದಿನ ಪೀಳಿಗೆಗೆ ಕರೆಂಟ್ ಎಷ್ಟು ಅಗ್ಗವಾಗುತ್ತದೆ ಅಂದರೆ ಮೀಟರ್ ಇಟ್ಟು ಅಳೆಯುವುದೇ ದಂಡ ಎನ್ನುವ ಅರ್ಥದ ಮಾತಾಡಿದರು.

ಆಮೇಲೆ ಎರಡೂ ಬೆಳೆದದ್ದು ಸರ್ಕಾರದ ದುಡ್ಡಿನಲ್ಲೇ. ಸೋಲಾರ್ ಸೆಲ್‌ಗೆ ಮೊದಲ ದೊಡ್ಡ ಗಿರಾಕಿ ಬಾಹ್ಯಾಕಾಶ ಯೋಜನೆ. 1958ರ ವ್ಯಾನ್‌ಗಾರ್ಡ್ ಉಪಗ್ರಹಕ್ಕೆ ಆ ಸೆಲ್‌ಗಳನ್ನು ಹಾಕಿದ್ದರು. ಅಣು ರಿಯಾಕ್ಟರ್ ಬಂದದ್ದು ಸೇನೆಯ ಪ್ರಯೋಗಾಲಯಗಳಿಂದ, ಜಲಾಂತರ್ಗಾಮಿ ನೌಕೆಗಳಿಂದ. ದೊಡ್ಡ ಅಪಘಾತವಾದರೆ ಕಂಪನಿ ಕಟ್ಟಬೇಕಾದ ಪರಿಹಾರಕ್ಕೆ ಅಮೆರಿಕ 1957ರಲ್ಲೇ ಕಾನೂನು ಮಾಡಿ ಮಿತಿ ಹಾಕಿತು. ಪ್ರೈಸ್-ಆಂಡರ್ಸನ್ ಕಾಯ್ದೆ ಅಂತ ಅದರ ಹೆಸರು, ಇವತ್ತಿಗೂ ಜಾರಿಯಲ್ಲಿದೆ. ಅದೂ ಸಬ್ಸಿಡಿಯೇ, ಬಜೆಟ್ ಪುಸ್ತಕದಲ್ಲಿ ಕಾಣದ ಸಬ್ಸಿಡಿ. ಹಾಗಾಗಿ ನಿಮ್ಮ ಮುಂದೆ ಬಂದು ನಮ್ಮದು ಸ್ವಂತ ಬಲದ ಮೇಲೆ ನಿಂತಿದೆ, ಅವರದ್ದು ಮಾತ್ರ ಸರ್ಕಾರದ ಕೃಪೆ ಅನ್ನುವವರು ಯಾರೇ ಇರಲಿ, ಅವರ ಮಾತು ನಂಬಬೇಡಿ.

ಸೋಲಾರ್ ಸಬ್ಸಿಡಿ ದಂಡ ಅನ್ನುವವರಿಗೆ ಒಂದು ಮಾತು ಹೇಳಲೇಬೇಕು. ಅದು ಕೆಲಸ ಮಾಡಿತು. ನಿಜವಾಗಿಯೂ ಮಾಡಿತು. ಜರ್ಮನಿ 2000ನೇ ಇಸವಿಯಲ್ಲಿ ಒಂದು ಕಾನೂನು ತಂದಿತು. ಚಾವಣಿ ಮೇಲೆ ಪ್ಯಾನೆಲ್ ಹಾಕಿ ಗ್ರಿಡ್‌ಗೆ ಕರೆಂಟ್ ಕೊಟ್ಟವರಿಗೆ ಯೂನಿಟ್‌ಗೆ ಸುಮಾರು 50 ಯೂರೋ ಸೆಂಟ್, ಅದೂ 20 ವರ್ಷ ಗ್ಯಾರಂಟಿ. ಆಗ ಮನೆಗಳು ಕಟ್ಟುತ್ತಿದ್ದ ದರಕ್ಕಿಂತ ಇದು ಮೂರು ಪಟ್ಟಿಗೂ ಜಾಸ್ತಿ. ಹುಚ್ಚುತನ ಅಂತ ಬೈದವರು ಆಗಲೂ ಇದ್ದರು. ಆದರೆ ಆ ದುಡ್ಡು ನಂಬಿ ಫ್ಯಾಕ್ಟರಿಗಳು ಎದ್ದವು. ಮೊದಲು ಜಪಾನ್ ಮತ್ತು ಜರ್ಮನಿಯಲ್ಲಿ, ಆಮೇಲೆ ಭಾರಿ ಪ್ರಮಾಣದಲ್ಲಿ ಚೀನಾದಲ್ಲಿ. ಒಟ್ಟು ತಯಾರಿಕೆ ದುಪ್ಪಟ್ಟಾದಾಗಲೆಲ್ಲ ಪ್ಯಾನೆಲ್ ಬೆಲೆ ಹತ್ತಿರ ಹತ್ತಿರ ಐದನೇ ಒಂದು ಪಾಲು ಇಳಿಯುತ್ತಾ ಬಂತು. 2010ರಿಂದ ಈಚೆಗೆ ದೊಡ್ಡ ಸೋಲಾರ್ ಸ್ಥಾವರಗಳ ಕರೆಂಟಿನ ಸರಾಸರಿ ವೆಚ್ಚ ಜಗತ್ತಿನಾದ್ಯಂತ ಸುಮಾರು ಶೇ. 90ರಷ್ಟು ಇಳಿದಿದೆ. ಜರ್ಮನಿಯ ಸಾಮಾನ್ಯ ಜನ ಬಿಲ್‌ನಲ್ಲಿ ಕಟ್ಟಿದ ಹಣದ ಲಾಭವನ್ನು ಇವತ್ತು ಇಡೀ ಜಗತ್ತು ತಿನ್ನುತ್ತಿದೆ. ಅವರಿಗೆ ಒಂದು ಥ್ಯಾಂಕ್ಸ್ ಹೇಳದೆ ಈ ಚರ್ಚೆ ಶುರು ಮಾಡುವುದು ಸರಿಯಲ್ಲ.

ಆದರೆ ಆ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಜರ್ಮನಿಯ ಬಿಲ್‌ನಲ್ಲಿ ಇದಕ್ಕೆಂದೇ ಸೇರಿಸಿದ ಮೇಲ್ಶುಲ್ಕ 2017ರಲ್ಲಿ ಯೂನಿಟ್‌ಗೆ 6.88 ಸೆಂಟ್ ಮುಟ್ಟಿತು. ಕರೆಂಟ್ ಜಾಸ್ತಿ ಸುಡುವ ದೊಡ್ಡ ಕಾರ್ಖಾನೆಗಳಿಗೆ ಅದರಲ್ಲಿ ಬಹುಪಾಲು ಮಾಫಿ ಇತ್ತು. ಬಾಡಿಗೆ ಮನೆಯವರಿಗೆ ಇರಲಿಲ್ಲ. 2022ರ ಜುಲೈನಲ್ಲಿ ಆ ಮೇಲ್ಶುಲ್ಕವನ್ನು ರದ್ದು ಮಾಡಿ ಖರ್ಚನ್ನು ಸರ್ಕಾರದ ಖಜಾನೆಗೆ ವರ್ಗಾಯಿಸಿದರು. ಮೊದಲೇ ಹಾಗೆ ಮಾಡಬಹುದಿತ್ತು ಅಲ್ವಾ?

ಈಗ ಹೊತ್ತಿನ ಮಾತಿಗೆ ಬರುತ್ತೇನೆ. ಮಳೆಗಾಲದ ಒಂದು ಕೊಡ ನೀರಿಗೂ ಕಡು ಬೇಸಿಗೆಯ ಒಂದು ಕೊಡ ನೀರಿಗೂ ಒಂದೇ ಬೆಲೆ ಕಟ್ಟಿದರೆ ಬಾವಿ ತೋಡುವವರು ಯಾರು? ನಿಮ್ಮ ಸಬ್ಸಿಡಿಗಳಲ್ಲಿ ಬಹಳಷ್ಟು ಹೀಗೇ ಇವೆ. ಯೂನಿಟ್‌ಗೆ ಇಷ್ಟು, ಅಥವಾ ಕಿಲೋವಾಟ್‌ಗೆ ಇಷ್ಟು. ಮಧ್ಯಾಹ್ನ ಹನ್ನೆರಡಕ್ಕೆ ಬಂದರೂ ಅಷ್ಟೇ, ರಾತ್ರಿ ಎಂಟಕ್ಕೆ ಬಂದರೂ ಅಷ್ಟೇ. ಸೋಲಾರ್ ಕಡಿಮೆ ಇದ್ದಾಗ ಇದರಿಂದ ತೊಂದರೆ ಆಗಲಿಲ್ಲ. ಈಗ ಆಗುತ್ತಿದೆ. 2024ರಲ್ಲಿ ಜರ್ಮನಿಯ ಸಗಟು ಮಾರುಕಟ್ಟೆಯಲ್ಲಿ ಕರೆಂಟ್ ಬೆಲೆ 450ಕ್ಕೂ ಹೆಚ್ಚು ಗಂಟೆ ಸೊನ್ನೆಗಿಂತ ಕೆಳಗೆ ಹೋಯಿತು. ಅಂದರೆ ಕರೆಂಟ್ ತಗೊಂಡು ಹೋಗಿ, ಮೇಲೆ ದುಡ್ಡೂ ಕೊಡ್ತೀವಿ ಅನ್ನುವ ಸ್ಥಿತಿ. ಅದೇ ವರ್ಷ ಡಿಸೆಂಬರ್ 12ರಂದು ಗಾಳಿ ಇಲ್ಲ, ಮೋಡ ಕವಿದಿದೆ, ಚಳಿ ಬೇರೆ. ಸಂಜೆ ಒಂದು ಗಂಟೆಯ ಮಟ್ಟಿಗೆ ಒಂದು ಮೆಗಾವಾಟ್-ಗಂಟೆಯ, ಅಂದರೆ ಸಾವಿರ ಯೂನಿಟ್‌ನ ಬೆಲೆ 936 ಯೂರೋಗೆ ಏರಿತು. ಒಂದೇ ದೇಶ, ಒಂದೇ ವರ್ಷ. ಯೂನಿಟ್ ಲೆಕ್ಕದ ಸಬ್ಸಿಡಿಗೆ ಈ ಎರಡು ಗಂಟೆಗಳ ನಡುವಿನ ವ್ಯತ್ಯಾಸವೇ ಕಾಣುವುದಿಲ್ಲ.

ಇದನ್ನು ಒಂದು ಮನೆಯ ಮಟ್ಟದಲ್ಲಿ ನೋಡೋಣ. ಚಾವಣಿ ಮೇಲೆ ಪ್ಯಾನೆಲ್ ಇರುವ ಮನೆ. ಹಗಲು ಮನೆಯವರೆಲ್ಲ ಹೊರಗೆ ಹೋಗಿರುತ್ತಾರೆ. ಹತ್ತು ಯೂನಿಟ್ ಗ್ರಿಡ್‌ಗೆ ಹೋಗುತ್ತದೆ. ರಾತ್ರಿ ಅಡುಗೆ, ಫ್ರಿಜ್, ಫ್ಯಾನ್ ಅಥವಾ ಹೀಟರ್ ಅಂತ ಹತ್ತು ಯೂನಿಟ್ ಗ್ರಿಡ್‌ನಿಂದ ಬರುತ್ತದೆ. ಸರಳ ನೆಟ್ ಮೀಟರಿಂಗ್‌ನಲ್ಲಿ ಹತ್ತರಲ್ಲಿ ಹತ್ತು ಕಳೆದರೆ ಸೊನ್ನೆ. ಬಿಲ್ಲೂ ಹೆಚ್ಚುಕಡಿಮೆ ಸೊನ್ನೆ. ಮನೆಯವರು ಯಾವ ಮೋಸವನ್ನೂ ಮಾಡಿಲ್ಲ, ನೀವು ಹೇಳಿದ ನಿಯಮವನ್ನೇ ಪಾಲಿಸಿದ್ದಾರೆ. ಆದರೆ ಆ ರಾತ್ರಿಯ ಹತ್ತು ಯೂನಿಟ್ ಎಲ್ಲಿಂದಲೋ ಬರಲೇಬೇಕಲ್ಲ? ಯಾವುದೋ ಸ್ಥಾವರ ಸಂಜೆಗೆ ಸಿದ್ಧವಾಗಿ ಕೂತಿತ್ತು. ಲೈನ್ ಇತ್ತು, ಟ್ರಾನ್ಸ್‌ಫಾರ್ಮರ್ ಇತ್ತು, ಮರ ಬಿದ್ದರೆ ಕಂಬ ಹತ್ತುವ ಲೈನ್‌ಮನ್ ಇದ್ದರು. ಆ ಖರ್ಚು ಎಲ್ಲೂ ಹೋಗಿಲ್ಲ. ಅದು ಪಕ್ಕದ ಮನೆಯ ಬಿಲ್‌ಗೆ ಸೇರಿತು. ಪಕ್ಕದ ಮನೆಯವರು ಬಾಡಿಗೆಯವರು. ಪ್ಯಾನೆಲ್ ಹಾಕಲು ಅವರಿಗೆ ಸ್ವಂತ ಚಾವಣಿಯೇ ಇಲ್ಲ.

ಒಂದು ಬೀದಿಯಲ್ಲಿ ಎರಡು ಮನೆಗೆ ಪ್ಯಾನೆಲ್ ಇದ್ದಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಇಪ್ಪತ್ತು ಮನೆಗೆ ಇದ್ದಾಗ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೀಗೇ ಆಯಿತು. 2023ರ ಏಪ್ರಿಲ್‌ನಿಂದ ಅಲ್ಲಿ ಹೊಸದಾಗಿ ಪ್ಯಾನೆಲ್ ಹಾಕುವವರಿಗೆ, ಗ್ರಿಡ್‌ಗೆ ಕೊಟ್ಟ ಕರೆಂಟಿನ ಬೆಲೆಯನ್ನು ಸರಾಸರಿ ಮುಕ್ಕಾಲು ಭಾಗ ಕಡಿತ ಮಾಡಿದರು. ಬೆಲೆಯನ್ನು ಗಂಟೆಗೆ ಕಟ್ಟಿಹಾಕಿದರು, ಅದು ಸರಿಯಾದ ಹೆಜ್ಜೆ. ಆದರೆ ಒಂದೇ ದಿನಾಂಕಕ್ಕೆ, ಒಂದೇ ಏಟಿಗೆ ಮಾಡಿದರು. ಆ ದಿನಾಂಕದ ಒಳಗೆ ಅರ್ಜಿ ಹಾಕಲು ಜನ ಮುಗಿಬಿದ್ದರು. ಆಮೇಲೆ ಪ್ಯಾನೆಲ್ ಅಳವಡಿಸುವವರ ಕೆಲಸ ಕುಸಿದುಬಿತ್ತು. ವರ್ಷಕ್ಕೆ ಒಂದಿಷ್ಟು ಅಂತ ಇಳಿಸಿಕೊಂಡು ಬಂದಿದ್ದರೆ ಆ ಕೆಲಸಗಾರರು ಉಳಿಯುತ್ತಿದ್ದರು.

ಇದಕ್ಕಿಂತ ಕೆಟ್ಟದ್ದು ಸ್ಪೇನ್‌ನ ಕಥೆ. 2007ರಲ್ಲಿ ಅಲ್ಲಿ ತುಂಬಾ ಉದಾರವಾದ ದರ ಘೋಷಿಸಿದರು. 2008ರ ಒಂದೇ ವರ್ಷದಲ್ಲಿ ಎರಡೂವರೆ ಸಾವಿರ ಮೆಗಾವಾಟ್‌ಗೂ ಜಾಸ್ತಿ ಸೋಲಾರ್ ಬಂತು. ಸರ್ಕಾರ ಗಾಬರಿಯಾಯಿತು. 2010ರಿಂದ 2013ರವರೆಗೆ, ಆಗಲೇ ಕಟ್ಟಿ ನಿಲ್ಲಿಸಿದ್ದ ಸ್ಥಾವರಗಳ ದರವನ್ನೂ ಕಡಿತ ಮಾಡಿದರು. ಸರ್ಕಾರದ ಮಾತು ನಂಬಿ ಸಾಲ ಮಾಡಿ ಪ್ಯಾನೆಲ್ ಹಾಕಿದ್ದ ಸಣ್ಣ ಹೂಡಿಕೆದಾರರು ಕೆಟ್ಟರು. ವಿದೇಶಿ ಹೂಡಿಕೆದಾರರು ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಿ ಎಷ್ಟೋ ಮೊಕದ್ದಮೆಗಳಲ್ಲಿ ಗೆದ್ದರು. ದಯವಿಟ್ಟು ಇದನ್ನು ನೆನಪಿಡಿ. ಸಬ್ಸಿಡಿ ಕಡಿಮೆ ಕೊಟ್ಟರೂ ಚಿಂತೆಯಿಲ್ಲ. ಕೊಟ್ಟ ಮಾತು ಮುರಿದರೆ ಮುಂದಿನ ಸಲ ಸಾಲ ಕೊಡುವ ಬ್ಯಾಂಕ್ ಜಾಸ್ತಿ ಬಡ್ಡಿ ಕೇಳುತ್ತದೆ. ಆ ಬಡ್ಡಿಯೂ ನಮ್ಮ ಬಿಲ್‌ಗೇ ಬರುತ್ತದೆ.

ಬಡ್ಡಿ ಅಂದ ಕೂಡಲೇ ಅಣು ಸ್ಥಾವರದ ವಿಷಯಕ್ಕೆ ಬಂದ ಹಾಗಾಯಿತು.

ಹೊತ್ತಿನ ಲೆಕ್ಕದಲ್ಲಿ ಅಣು ವಿದ್ಯುತ್ ಬಹಳ ಒಳ್ಳೆಯದು. ರಾತ್ರಿಯೂ ಬರುತ್ತದೆ, ಚಳಿಗಾಲದಲ್ಲೂ ಬರುತ್ತದೆ. ಸ್ಥಾವರ ಒಮ್ಮೆ ನಡೆಯತೊಡಗಿದರೆ ಇಂಧನದ ಖರ್ಚು ಕಡಿಮೆ. ಅಮೆರಿಕದ ರಿಯಾಕ್ಟರ್‌ಗಳು ವರ್ಷದಲ್ಲಿ ತಮ್ಮ ಪೂರ್ತಿ ಸಾಮರ್ಥ್ಯದ ಶೇ. 90ಕ್ಕೂ ಹೆಚ್ಚು ಕರೆಂಟ್ ಕೊಡುತ್ತವೆ. ಸೋಲಾರ್ ಸ್ಥಾವರ ಜಾಗ ನೋಡಿಕೊಂಡು ಶೇ. 10ರಿಂದ 25. ಅಂದರೆ ಒಳ್ಳೆಯ ಬಿಸಿಲಿರುವ ಕಡೆಯಲ್ಲೂ 1,000 ಮೆಗಾವಾಟ್‌ನ ಒಂದು ರಿಯಾಕ್ಟರ್‌ನಷ್ಟು ಯೂನಿಟ್ ಬರಲು 3,600 ಮೆಗಾವಾಟ್‌ಗೂ ಜಾಸ್ತಿ ಪ್ಯಾನೆಲ್ ಬೇಕು.

ತೊಂದರೆ ಇರುವುದು ಕಟ್ಟುವುದರಲ್ಲಿ. ಫ್ರಾನ್ಸ್‌ನ ಫ್ಲಾಮಾನ್‌ವಿಲ್‌ನಲ್ಲಿ ಮೂರನೇ ರಿಯಾಕ್ಟರ್ ಕೆಲಸ 2007ರಲ್ಲಿ ಶುರುವಾಯಿತು. 2012ಕ್ಕೆ ಮುಗಿಯಬೇಕಿತ್ತು. ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. 3.3 ಬಿಲಿಯನ್ ಯೂರೋ ಅಂದುಕೊಂಡಿದ್ದ ಕಾಮಗಾರಿ ವೆಚ್ಚ 13 ಬಿಲಿಯನ್ ದಾಟಿತು. ಫಿನ್‌ಲ್ಯಾಂಡ್‌ನ ಓಲ್ಕಿಲುವೊಟೊ ಮೂರನೇ ಘಟಕ 2009ಕ್ಕೆ ಬರಬೇಕಿದ್ದದ್ದು 2023ಕ್ಕೆ ಬಂತು. ಅಮೆರಿಕದ ಜಾರ್ಜಿಯಾದಲ್ಲಿ ವೋಗ್ಟಲ್‌ನ ಎರಡು ಹೊಸ ಘಟಕಗಳು ಏಳು ವರ್ಷ ತಡವಾದವು, ಖರ್ಚು ದುಪ್ಪಟ್ಟಿಗೂ ಜಾಸ್ತಿಯಾಗಿ 30 ಬಿಲಿಯನ್ ಡಾಲರ್ ಮೀರಿತು.

ಯಾಕೆ ಹೀಗೆ ಆಗುತ್ತದೆ? ಸಿಮೆಂಟು ಕಬ್ಬಿಣ ದುಬಾರಿ ಅಂತ ಮಾತ್ರ ಅಲ್ಲ. ಕೆಲಸ ನಿಂತ ದಿನವೂ ಸಾಲ ಬೆಳೆಯುತ್ತದೆ. ಶೇ. 9ರ ಬಡ್ಡಿಗೆ ತಂದ 100 ಎಂಟು ವರ್ಷ ಸುಮ್ನೆ ಕೂತರೆ 199 ಆಗುತ್ತದೆ. ಶೇ. 3ರ ಬಡ್ಡಿಗೆ ತಂದರೆ 127. ಅದೇ ಕಬ್ಬಿಣ, ಅದೇ ಸಿಮೆಂಟು, ಅದೇ ಎಂಜಿನಿಯರ್. ಸೋಲಾರ್ ಸ್ಥಾವರ ಒಂದೆರಡು ವರ್ಷದಲ್ಲಿ ಎದ್ದು ನಿಂತು ದುಡಿಯುತ್ತದೆ, ಆದ್ದರಿಂದ ಕಟ್ಟುವ ಕಾಲದ ಬಡ್ಡಿ ಅದನ್ನು ಇಷ್ಟು ಕಾಡುವುದಿಲ್ಲ. ಅಣು ಸ್ಥಾವರಕ್ಕೆ ಮಾತ್ರ ವೇಳೆ ಮೀರಿದರೆ ಉಳಿಗಾಲವಿಲ್ಲ. ವಿನ್ಯಾಸ ಪೂರ್ತಿ ಮುಗಿಯುವ ಮೊದಲೇ ಗುಂಡಿ ತೋಡಲು ಶುರು ಮಾಡುವುದು, ನಡುವೆ ನಕ್ಷೆ ಬದಲಿಸುವುದು, ಬೆಸುಗೆ ಸರಿಯಿಲ್ಲ ಅಂತ ಬಿಚ್ಚಿ ಮತ್ತೆ ಹಾಕುವುದು, ಅನುಭವ ಇದ್ದ ಕೆಲಸಗಾರರು ನಿವೃತ್ತರಾಗಿ ಹೊಸಬರು ಕಲಿಯುವುದು. ಇವೆಲ್ಲ ಸೇರಿ ಹತ್ತು ಹನ್ನೆರಡು ವರ್ಷ ನುಂಗಿಬಿಡುತ್ತವೆ.

ತಡವಾದರೆ ಯಾರು ಕಟ್ಟಬೇಕು ಅನ್ನುವುದನ್ನು ನೀವು ಮೊದಲೇ ಬರೆಯಬೇಕು. ದಕ್ಷಿಣ ಕೆರೊಲಿನಾದಲ್ಲಿ ಸ್ಥಾವರ ಕಟ್ಟುತ್ತಿರುವಾಗಲೇ ಗ್ರಾಹಕರ ಬಿಲ್‌ಗೆ ಖರ್ಚು ಸೇರಿಸಲು 2007ರಲ್ಲಿ ಕಾನೂನು ಮಾಡಿದರು. ವಿ.ಸಿ. ಸಮ್ಮರ್ ಅನ್ನುವ ಜಾಗದಲ್ಲಿ ಎರಡು ರಿಯಾಕ್ಟರ್ ಕೆಲಸ ನಡೆಯಿತು. ಬಿಲ್ ಮತ್ತೆ ಮತ್ತೆ ಏರಿತು. ಸುಮಾರು 9 ಬಿಲಿಯನ್ ಡಾಲರ್ ಖರ್ಚಾದ ಮೇಲೆ 2017ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಆ ಜನ ಒಂದೇ ಒಂದು ಯೂನಿಟ್ ಕರೆಂಟ್ ಪಡೆಯದೆ ವರ್ಷಗಟ್ಟಲೆ ದುಡ್ಡು ಕಟ್ಟಿದರು. ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಬ್ರಿಟನ್ ಹಿಂಕ್ಲಿ ಪಾಯಿಂಟ್ ಸಿ ಸ್ಥಾವರಕ್ಕೆ ಬೇರೆ ದಾರಿ ಹಿಡಿಯಿತು. ಕರೆಂಟ್ ಬಂದ ಮೇಲೆಯೇ ದುಡ್ಡು, ತಡವಾದರೆ ಕಂಪನಿಯ ಪಾಡು. ಗ್ರಾಹಕರಿಗೆ ಕ್ಷೇಮ ಅನಿಸುತ್ತದೆ. ಆದರೆ ಆ ಅಪಾಯ ಹೊರಲು ಕಂಪನಿ ಕೇಳಿದ ದರ ಮೆಗಾವಾಟ್-ಗಂಟೆಗೆ 92.50 ಪೌಂಡ್. ಅದು 2012ರ ಬೆಲೆಯಲ್ಲಿ. ಹಣದುಬ್ಬರದ ಜೊತೆ ಅದೂ ಏರುತ್ತದೆ, 35 ವರ್ಷ. ಮುಂದಿನ ಸೈಜ್‌ವೆಲ್ ಸಿ ಸ್ಥಾವರಕ್ಕೆ ಬ್ರಿಟನ್ ಮತ್ತೆ ಕಟ್ಟುವಾಗಲೇ ಗ್ರಾಹಕರಿಂದ ವಸೂಲು ಮಾಡುವ ದಾರಿಗೆ ಬಂದಿದೆ, ಸರ್ಕಾರವೂ ಪಾಲು ಹಾಕಿದೆ. ಎರಡೂ ದಾರಿಯಲ್ಲಿ ಅಪಾಯ ಮಾಯವಾಗುವುದಿಲ್ಲ, ಯಾರದ್ದೋ ಹೆಗಲಿಗೆ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರ ಕಡಿಮೆ ಬಡ್ಡಿಗೆ ನೇರವಾಗಿ ಸಾಲ ಕೊಡುವುದೇ ವಾಸಿ. ಲೆಕ್ಕ ಬಜೆಟ್‌ನಲ್ಲಿ ಕಾಣಬೇಕು. ಶಾಸನ ಸಭೆ ವರ್ಷಾವರ್ಷ ಪ್ರಶ್ನೆ ಕೇಳಬೇಕು. ಬಿಲ್‌ನ ಮೂಲೆಯಲ್ಲಿ ಒಂದು ಸಣ್ಣ ಸಾಲಾಗಿ ಅಡಗಿಸಿಡಬಾರದು.

ಹಾಗಂತ ಅಣು ಸ್ಥಾವರ ವೇಳೆಗೆ ಕಟ್ಟಲು ಆಗುವುದೇ ಇಲ್ಲ ಅನ್ನುವುದೂ ಸುಳ್ಳು. ತೈಲ ಬಿಕ್ಕಟ್ಟಿನ ನಂತರ 1974ರಲ್ಲಿ ಫ್ರಾನ್ಸ್ ಮೆಸ್ಮೆರ್ ಯೋಜನೆ ಹಾಕಿಕೊಂಡಿತು. ಸುಮಾರು 15 ವರ್ಷದಲ್ಲಿ 50ಕ್ಕೂ ಹೆಚ್ಚು ರಿಯಾಕ್ಟರ್ ಕಟ್ಟಿತು. ಯುಎಇಯ ಬರಾಕಾದಲ್ಲಿ ಕೊರಿಯಾದವರು ನಾಲ್ಕು ರಿಯಾಕ್ಟರ್‌ಗಳನ್ನು 2012ರಿಂದ 2024ರೊಳಗೆ ಮುಗಿಸಿದರು. ಅಲ್ಲೂ ಮೊದಲ ಘಟಕ ಮೂರು ವರ್ಷ ತಡವಾಯಿತು. ಆದರೂ ಇವತ್ತು ಆ ದೇಶದ ಕಾಲು ಭಾಗ ಕರೆಂಟ್ ಅಲ್ಲಿಂದಲೇ ಬರುತ್ತದೆ. ಎರಡು ಕಡೆಯೂ ಮಾಡಿದ್ದು ಒಂದೇ ಕೆಲಸ. ಒಂದೇ ನಕ್ಷೆ ಹಿಡಿದು, ಒಂದರ ಹಿಂದೆ ಒಂದು ಕಟ್ಟಿದರು. ಒಂದೇ ಒಂದು ರಿಯಾಕ್ಟರ್ ಕಟ್ಟಿ ಕೈ ತೊಳೆದುಕೊಳ್ಳುವ ಆಲೋಚನೆ ಇದ್ದರೆ ದಯವಿಟ್ಟು ಶುರು ಮಾಡಬೇಡಿ.

ಒಂದೇ ನಕ್ಷೆಗೆ ಅದರದ್ದೇ ಆದ ತೊಂದರೆಯೂ ಇದೆ. 2021ರ ಕೊನೆಗೆ ಫ್ರಾನ್ಸ್‌ನ ಒಂದು ರಿಯಾಕ್ಟರ್‌ನ ಪೈಪಿನಲ್ಲಿ ತುಕ್ಕಿನಿಂದ ಬಿರುಕು ಬಿಟ್ಟದ್ದು ಕಂಡಿತು. ಅದೇ ಮಾದರಿಯ ಉಳಿದವನ್ನೂ ನಿಲ್ಲಿಸಿ ನೋಡಬೇಕಾಯಿತು. ಕೋವಿಡ್ ಕಾಲದಲ್ಲಿ ಮುಂದೆ ಹಾಕಿದ್ದ ರಿಪೇರಿಗಳೂ ಸೇರಿ 2022ರ ಬೇಸಿಗೆಯಲ್ಲಿ 56 ರಿಯಾಕ್ಟರ್‌ಗಳ ಪೈಕಿ ಸುಮಾರು ಅರ್ಧ ನಿಂತಿದ್ದವು. ಸದಾ ಕರೆಂಟ್ ಮಾರುತ್ತಿದ್ದ ದೇಶ ಆ ವರ್ಷ ಕೊಳ್ಳಬೇಕಾಯಿತು. ಅಣು ಅಂದರೆ ಯಾವಾಗಲೂ ಇರುತ್ತದೆ ಅಂತ ಹೇಳುವವರು ಈ ವರ್ಷವನ್ನು ಬಿಟ್ಟು ಮಾತಾಡಬಾರದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಚೆನ್ನಾಗಿ ನಡೆಯುತ್ತಿರುವ ರಿಯಾಕ್ಟರ್ ಅನ್ನು ಸುರಕ್ಷತೆಯ ಕಾರಣ ಇಲ್ಲದೆ ಮುಚ್ಚಬೇಡಿ. ಕಟ್ಟುವ ಸಾಲ ತೀರಿದೆ, ಕೆಲಸ ಗೊತ್ತಿರುವ ಜನ ಇದ್ದಾರೆ, ಹೊಗೆ ಇಲ್ಲ. ಇದಕ್ಕಿಂತ ಅಗ್ಗವಾಗಿ ರಾತ್ರಿಯ ಕರೆಂಟ್ ಸಿಗುವ ಕಡೆ ಬಹಳ ಕಡಿಮೆ. ಜರ್ಮನಿ 2011ರಲ್ಲಿ ಜಪಾನಿನ ಫುಕುಶಿಮಾ ಅಣು ಅಪಘಾತ ಆದ ಮೇಲೆ ಎಂಟು ರಿಯಾಕ್ಟರ್ ನಿಲ್ಲಿಸಿತು, ಕೊನೆಯ ಮೂರನ್ನು 2023ರ ಏಪ್ರಿಲ್ 15ರಂದು ಮುಚ್ಚಿತು. ಆ ಹೊತ್ತಿಗೆ ಕಲ್ಲಿದ್ದಲು ಸ್ಥಾವರಗಳು ಅಲ್ಲಿ ಇನ್ನೂ ಉರಿಯುತ್ತಿದ್ದವು. ಯಾವುದನ್ನು ಮೊದಲು ಮುಚ್ಚಬೇಕಿತ್ತು? ಅಣು ಸ್ಥಾವರ ಮುಚ್ಚಿದ್ದರಿಂದ ಕಲ್ಲಿದ್ದಲಿನ ಹೊಗೆ ಹೆಚ್ಚಾಗಿ ವರ್ಷಕ್ಕೆ ಸುಮಾರು 1,100 ಜನ ಹೆಚ್ಚುವರಿಯಾಗಿ ಸತ್ತಿರಬಹುದು ಅಂತ ಮೂವರು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಅದೇ ಜರ್ಮನಿ, ಸೋಲಾರ್ ವಿಷಯದಲ್ಲಿ ನಾನು ಈಗ ತಾನೇ ಹೊಗಳಿದ ದೇಶ. ಒಂದೇ ಸರ್ಕಾರ ಒಂದು ಕೈಯಲ್ಲಿ ಒಳ್ಳೆಯದು ಮಾಡಿ ಇನ್ನೊಂದು ಕೈಯಲ್ಲಿ ಕೆಡಿಸಬಹುದು. ಕ್ಯಾಲಿಫೋರ್ನಿಯಾ ಸಮಯಕ್ಕೆ ಎಚ್ಚೆತ್ತುಕೊಂಡಿತು. ಆ ರಾಜ್ಯದ ಕರೆಂಟಿನಲ್ಲಿ ಹತ್ತನೇ ಒಂದರ ಹತ್ತಿರ ಕೊಡುವ ಡಯಾಬ್ಲೊ ಕ್ಯಾನ್ಯನ್ ಸ್ಥಾವರವನ್ನು 2025ಕ್ಕೆ ಮುಚ್ಚುವುದು ಅಂತ ತೀರ್ಮಾನವಾಗಿತ್ತು. 2022ರಲ್ಲಿ ಕಾನೂನು ತಂದು 2030ರವರೆಗೆ ನಡೆಸಲು ದಾರಿ ಮಾಡಿದರು.

ಸುರಕ್ಷತೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಚರ್ನೋಬಿಲ್, ಫುಕುಶಿಮಾ ಸೇರಿಸಿ ಲೆಕ್ಕ ಹಾಕಿದರೂ, ಬಂದ ಕರೆಂಟಿಗೆ ಹೋಲಿಸಿದಾಗ ಅಣು ಮತ್ತು ಸೋಲಾರ್ ಎರಡರ ಸಾವಿನ ಪ್ರಮಾಣವೂ ಕಲ್ಲಿದ್ದಲಿನ ಪಕ್ಕದಲ್ಲಿ ಕಾಣದಷ್ಟು ಸಣ್ಣದು. ಅಣು ಸ್ಥಾವರದ ಕಸದ ಪ್ರಶ್ನೆಗೆ ಫಿನ್‌ಲ್ಯಾಂಡ್ ಉತ್ತರ ಹುಡುಕಿದೆ. ಓಂಕಾಲೊ ಅನ್ನುವ ಕಡೆ 400 ಮೀಟರ್‌ಗೂ ಆಳದ ಹಳೆಯ ಬಂಡೆಯಲ್ಲಿ ಅದನ್ನು ಹೂಳಲು ಸುರಂಗ ಕೊರೆದಿದ್ದಾರೆ. ಅಮೆರಿಕ 1987ರಲ್ಲಿ ಯಕ್ಕಾ ಪರ್ವತವನ್ನು ಆರಿಸಿಕೊಂಡು, ಸ್ಥಳೀಯರನ್ನು ಒಪ್ಪಿಸಲಾಗದೆ, ಇವತ್ತಿಗೂ ಕಸವನ್ನು ಸ್ಥಾವರಗಳ ಅಂಗಳದಲ್ಲೇ ಇಟ್ಟುಕೊಂಡಿದೆ. ಫಿನ್‌ಲ್ಯಾಂಡ್‌ನಲ್ಲಿ ಊರಿನವರಿಗೆ ಬೇಡ ಅನ್ನುವ ಹಕ್ಕು ಕೊಟ್ಟು ಆಮೇಲೆ ಕೇಳಿದರು. ಅವರು ಒಪ್ಪಿಕೊಂಡರು.

ಸಂಜೆಯ ಹೊತ್ತಿಗೆ ಅಣು ಒಂದೇ ದಾರಿ ಅಂತಲೂ ಈಗ ಹೇಳುವಂತಿಲ್ಲ. 2024ರ ಏಪ್ರಿಲ್ 16ರ ಸಂಜೆ ಕ್ಯಾಲಿಫೋರ್ನಿಯಾದ ಗ್ರಿಡ್‌ನಲ್ಲಿ ಸ್ವಲ್ಪ ಹೊತ್ತು ಎಲ್ಲಕ್ಕಿಂತ ಜಾಸ್ತಿ ಕರೆಂಟ್ ಕೊಟ್ಟದ್ದು ಬ್ಯಾಟರಿಗಳು. ಗ್ಯಾಸ್, ಅಣು, ಜಲವಿದ್ಯುತ್ ಎಲ್ಲವನ್ನೂ ಮೀರಿ, 6,000 ಮೆಗಾವಾಟ್‌ಗೂ ಹೆಚ್ಚು. ಮಧ್ಯಾಹ್ನ ಅಗ್ಗದ ಬಿಸಿಲಿನಲ್ಲಿ ತುಂಬಿಕೊಂಡು ಸಂಜೆ ಬಿಟ್ಟವು. ಅಲ್ಲಿ ಗಂಟೆಗೊಂದು ಬೆಲೆ ಇದ್ದದ್ದೂ ಆ ಬ್ಯಾಟರಿಗಳ ವ್ಯಾಪಾರಕ್ಕೆ ನೆರವಾಯಿತು. ಆದರೆ ಇವು ಸಾಮಾನ್ಯವಾಗಿ ನಾಲ್ಕು ಗಂಟೆಯ ಬ್ಯಾಟರಿಗಳು. ಒಂದು ವಾರ ಮೋಡ ಕವಿದು ಗಾಳಿ ನಿಂತರೆ ಸಾಲುವುದಿಲ್ಲ. ಭೂಮಧ್ಯರೇಖೆಯ ಹತ್ತಿರದ ದೇಶಕ್ಕೆ ವರ್ಷವಿಡೀ ಬಿಸಿಲು ಹೆಚ್ಚುಕಡಿಮೆ ಒಂದೇ ಥರ, ಅಲ್ಲಿ ಸೋಲಾರ್ ಮತ್ತು ಬ್ಯಾಟರಿ ಬಹಳ ದೂರ ಹೋಗಬಹುದು. ಉತ್ತರದ ಚಳಿ ದೇಶಗಳಲ್ಲಿ ಡಿಸೆಂಬರ್‌ನ ಬಿಸಿಲು ಜೂನ್‌ನ ಬಿಸಿಲಿನ ಸಣ್ಣ ಪಾಲು, ಬೇಡಿಕೆ ಮಾತ್ರ ಆಗಲೇ ಜಾಸ್ತಿ. ಒಬ್ಬರ ನೀತಿಯನ್ನು ಇನ್ನೊಬ್ಬರು ನಕಲು ಮಾಡಿದರೆ ಕೆಡುತ್ತದೆ.

ಇನ್ನೊಂದು ವಿಷಯ, ಇದು ಸಬ್ಸಿಡಿ ಚರ್ಚೆಯಲ್ಲಿ ಬರುವುದೇ ಇಲ್ಲ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಕರೆಂಟ್ ಹೋಯಿತು. ಕೆಲವೇ ಗಂಟೆಯಲ್ಲಿ ಒಬ್ಬರು ಸೋಲಾರ್‌ನಿಂದಲೇ ಹೀಗಾಯಿತು ಅಂದರು, ಇನ್ನೊಬ್ಬರು ಅಲ್ಲವೇ ಅಲ್ಲ ಅಂದರು. ಆಮೇಲೆ ಬಂದ ಸ್ಪೇನ್ ಸರ್ಕಾರದ ವರದಿಯ ಪ್ರಕಾರ ವೋಲ್ಟೇಜ್ ಮಿತಿ ಮೀರಿ ಏರಿತ್ತು. ಅದನ್ನು ಹಿಡಿದಿಡಲು ಸಾಕಷ್ಟು ಸ್ಥಾವರಗಳು ಸಜ್ಜಾಗಿರಲಿಲ್ಲ. ಆ ಕೆಲಸ ಮಾಡಬೇಕಿದ್ದ ಹಳೆಯ ಮಾದರಿಯ ಕೆಲವು ಸ್ಥಾವರಗಳು ಪೂರ್ತಿ ಮಾಡಲಿಲ್ಲ. ಸೋಲಾರ್ ಸ್ಥಾವರಗಳಿಗೆ ಅಲ್ಲಿನ ನಿಯಮ ಆ ಕೆಲಸವನ್ನೇ ವಹಿಸಿರಲಿಲ್ಲ. ಪ್ಯಾನೆಲ್‌ನ ಕರೆಂಟನ್ನು ಗ್ರಿಡ್‌ಗೆ ಹೊಂದುವಂತೆ ಬದಲಿಸುವ ಇನ್ವರ್ಟರ್‌ಗಳಿಗೆ ಅದು ಬರುತ್ತದೆ, ಯಾರೂ ಕೇಳಿರಲಿಲ್ಲ ಅಷ್ಟೇ. ನೀವು ಯೂನಿಟ್‌ಗೆ ಮಾತ್ರ ದುಡ್ಡು ಕೊಟ್ಟರೆ ನಿಮಗೆ ಯೂನಿಟ್ ಮಾತ್ರ ಸಿಗುತ್ತದೆ. ವೋಲ್ಟೇಜ್ ಕಾಯುವ ಕೆಲಸಕ್ಕೂ ಬೆಲೆ ಕಟ್ಟಿ, ಯಾರು ಮಾಡಿದರೂ ಕೊಡಿ.

ಹಾಗಾದರೆ ನಾಳೆ ಏನು ಮಾಡಬೇಕು? ಪ್ಯಾನೆಲ್ ಮೇಲಿನ ಸಬ್ಸಿಡಿಯನ್ನು ಮೊದಲೇ ತಿಳಿಸಿ, ವರ್ಷ ವರ್ಷ ಇಳಿಸುತ್ತಾ ಬನ್ನಿ. ಹಳಬರಿಗೆ ಕೊಟ್ಟ ಮಾತು ಹಾಗೇ ಉಳಿಯಲಿ. ಉಳಿದ ಹಣವನ್ನು ಬ್ಯಾಟರಿಗೆ, ಲೈನ್‌ಗಳಿಗೆ ಹಾಕಿ. ಚಾವಣಿ ಇಲ್ಲದವರೂ ಒಂದು ಪಾಲು ಕೊಳ್ಳಬಹುದಾದ ಸಾಮೂಹಿಕ ಸೋಲಾರ್‌ಗೂ ಕೊಡಿ. ನಡೆಯುತ್ತಿರುವ ರಿಯಾಕ್ಟರ್‌ಗಳಿಗೂ ಅದೇ ಗಂಟೆಯ ಬೆಲೆ ಸಿಗಲಿ. ಹೊಸ ರಿಯಾಕ್ಟರ್ ಬೇಕು ಅಂತ ತೀರ್ಮಾನಿಸಿದರೆ ನಕ್ಷೆ ಪೂರ್ತಿಯಾದ ಮೇಲೆಯೇ, ಒಂದೇ ಮಾದರಿಯ ಸರಣಿಯಾಗಿ ಶುರು ಮಾಡಿ. ಯಾವ ವರ್ಷದೊಳಗೆ ಬರದಿದ್ದರೆ ಯೋಜನೆ ನಿಲ್ಲುತ್ತದೆ, ಆಗ ನಷ್ಟ ಯಾರದ್ದು ಅನ್ನುವುದನ್ನು ಕರಾರಿನಲ್ಲೇ ಬರೆಯಿರಿ.

ನಿಮ್ಮ ಮುಂದಿನ ದರ ಪರಿಷ್ಕರಣೆಯ ಕರಡಿನ ಜೊತೆ ಒಂದು ಕೋಷ್ಟಕ ಹಾಕಿ. ದಿನದ 24 ಗಂಟೆ, ವರ್ಷದ 12 ತಿಂಗಳು. ಕೋಷ್ಟಕದ ಪ್ರತಿ ಚೌಕದಲ್ಲೂ ಆ ಹೊತ್ತಿಗೆ ಬೇಡಿಕೆ ಎಷ್ಟಿತ್ತು, ಕಲ್ಲಿದ್ದಲು ಮತ್ತು ಗ್ಯಾಸ್ ಎಷ್ಟು ಉರಿಯಿತು, ಸಾರ್ವಜನಿಕ ಹಣ ಯಾವ ರೂಪದಲ್ಲಿ ಯಾರಿಗೆ ಎಷ್ಟು ಹೋಯಿತು ಅಂತ ತುಂಬಿ. ಅಪಘಾತ ವಿಮೆಯ ಮಿತಿ, ತೆರಿಗೆ ವಿನಾಯಿತಿ, ಬಡ್ಡಿ ರಿಯಾಯಿತಿ, ನೆಟ್ ಮೀಟರಿಂಗ್ ಎಲ್ಲವೂ ಅದರಲ್ಲಿ ಬರಲಿ. ಅದನ್ನು ನಾವು ಓದುವ ಭಾಷೆಯಲ್ಲಿ ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು ಕನಿಷ್ಠ ಮೂರು ತಿಂಗಳು ಕೊಡಿ.

ಇಂತಿ,
ಕರೆಂಟ್ ಬಿಲ್ ಕಟ್ಟುವ ಒಬ್ಬ ಗ್ರಾಹಕ